ಇಸ್ತ್ರಿ ಮೇಡಂಗೆ ಬರೆದುಕೊಟ್ಟ ಕಾರ್ಡು

ಮಾರ್ಚ್ ೪, ಮಂಗಳವಾರ

ಮಗಳ ಹಳೇ ನೋಟ್‌ಬುಕ್ಕು. ಮುಂದಿನ ಪುಟಗಳಲ್ಲಿ ಅವಳ ಬೀಜಗಣಿತ, ಹಿಂದಿನಿಂದ ನನ್ನ ಬರಹ. ಮರೆಯಬಾರದು ಅಂತ ಬರೆಯುತ್ತಿದ್ದೇನೆ. ನನ್ನ ಸಿಟ್ಟು ಹಾಲು ಉಕ್ಕಿದ ಹಾಗೆ, ಎರಡು ದಿನ ಬಿಟ್ಟರೆ ತಣ್ಣಗಾಗಿ ಕೆನೆ ಕಟ್ಟುತ್ತದೆ. ಈ ಸಲ ಹಾಗಾಗಬಾರದು.

ಎಂಟು ವರ್ಷ ಅಂಗಡಿಯ ಮಕ್ಕಳ ವಿಭಾಗದಲ್ಲಿದ್ದೆ. ಅಲ್ಲಿ ಬಟ್ಟೆಗೆ ಹೆಸರಿಲ್ಲ, ವಯಸ್ಸಷ್ಟೇ. ಆರು ತಿಂಗಳು, ಒಂದು ವರ್ಷ, ಎರಡು ವರ್ಷ. ಎರಡನೇ ಮಹಡಿಗೆ, ಅಂದರೆ ವಿದೇಶಿ ಹೆಸರಿನ ಬಟ್ಟೆಗಳ ಮಹಡಿಗೆ, ಹಾಕಿ ಇವತ್ತಿಗೆ ಹನ್ನೆರಡು ದಿನ. ಬೆಳಿಗ್ಗೆ ಒಬ್ಬ ಗಿರಾಕಿ ಕಿಟಕಿಯಲ್ಲಿದ್ದ ಕಪ್ಪು ಗೌನು ತೋರಿಸಿ "ಇದು ಯಾರದ್ದು?" ಅಂದರು. ಅದರ ಕೊರಳಿಗೆ ಹೊಲಿದ ಹೆಸರಿನ ಪಟ್ಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿದೆ: "ಗಿವೆಂಚಿ, ಮೇಡಂ."

ಆ ಹೆಂಗಸು ನಗಲಿಲ್ಲ, ಬೆಲೆ ನೋಡುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಇಸ್ತ್ರಿ ಬಂದಳು. ಇಸ್ತ್ರಿ ಅಂದರೆ ಮಹಡಿಯ ಮೇಲ್ವಿಚಾರಕಿ. ಮೈಮೇಲೆ ಒಂದು ಸುಕ್ಕು ಕಾಣದ ಹೆಂಗಸು, ಹಾಗಾಗಿ ನಾವಿಟ್ಟ ಹೆಸರು. ಎದುರಿಗೆ ಮೇಡಂ.

ದಿನಾ ಬಾಗಿಲು ತೆರೆಯುವ ಮೊದಲು ಟ್ರಯಲ್ ರೂಮಿನ ದೊಡ್ಡ ಕನ್ನಡಿ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಒಂದೊಂದೇ ಪಟ್ಟಿ ಎತ್ತಿ ಹಿಡಿದು ಹೆಸರು ಹೇಳಿಸುವುದು ಅವಳ ಪದ್ಧತಿ. ತಪ್ಪಿದವರು ಕನ್ನಡಿ ನೋಡಿಕೊಂಡು ಹತ್ತು ಸಲ ಸರಿಯಾಗಿ ಹೇಳಬೇಕು. ಅದು ನಮ್ಮ ನಮ್ಮಲ್ಲಿ. ಇವತ್ತು ಗಿರಾಕಿ ಎದುರಿಗೇ ನನ್ನ ಭುಜ ಹಿಡಿದು ಕನ್ನಡಿಗೆ ತಿರುಗಿಸಿದಳು. "ಜಿವಾಂಶಿ. ಹೇಳಿ. ಇನ್ನೊಂದ್ಸಲ. ಜೋರಾಗಿ. ಕೇಳಿಸ್ತಿಲ್ಲ." ನಲವತ್ತೊಂದು ವರ್ಷದ ನಾನು ಹತ್ತು ಸಲ ಹೇಳಿದೆ. ಗಿರಾಕಿಯೇ ನಾಚಿ ಹೊರಟುಹೋದರು. ಗೌನು ಮಾರಾಟವಾಗಲಿಲ್ಲ, ಅದೂ ನನ್ನ ತಲೆಗೇ ಬಂತು.

ಗಿರಾಕಿ ಮುಂದೆ ತಪ್ಪಿದವರು ಕೆಳಗೆ ಅಂತ ಅವಳೇ ಮಾಡಿದ ನಿಯಮ ಒಂದಿದೆ. ಕೆಳಗೆ ಅಂದರೆ ನೆಲಮಾಳಿಗೆಯ ಆಲ್ಟರೇಷನ್ ರೂಮು. ನಾಳೆಯಿಂದ ನಾನು ಅಲ್ಲಿ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ನನಗೆ ಆನೆ ಬೇಡ. ಅದೇ ಕನ್ನಡಿ ಮುಂದೆ ಅವಳು ನಿಲ್ಲಬೇಕು, ಅಷ್ಟೇ ಸಾಕು.

ಮಾರ್ಚ್ ೬, ಗುರುವಾರ

ನೆಲಮಾಳಿಗೆಗೆ ಕಿಟಕಿಯಿಲ್ಲ. ನಾಲ್ಕು ಮೆಷಿನ್ನು, ಎರಡು ಕೆಲಸ ಮಾಡುತ್ತವೆ. ಒಂದರ ಮುಂದೆ ಮಾಸ್ಟರ್ ಕೂರುತ್ತಾರೆ, ಮೂವತ್ತು ವರ್ಷದಿಂದ ಇಲ್ಲೇ ಇದ್ದಾರಂತೆ. ಇನ್ನೊಂದರ ಮುಂದೆ ನಾನು. ಹೊಲಿಗೆ ನನಗೆ ಮನೆಮಟ್ಟಿಗೆ ಗೊತ್ತು, ದಿಂಬಿನ ಚೀಲದಷ್ಟು. ಮಾಸ್ಟರ್ ನನ್ನ ಕೈಗೆ ಒಂದು ಪ್ಯಾಂಟು ಕೊಟ್ಟು ಕಾಲಂಚು ಬಿಚ್ಚಲು ಹೇಳಿದರು. ಬಟ್ಟೆಯನ್ನೇ ಹರಿದುಬಿಟ್ಟೆ.

"ಬಟ್ಟೆ ಮೇಲೆ ಯಾಕಮ್ಮಾ ಕೋಪ? ಅದೇನ್ ಮಾಡ್ತು ನಿಂಗೆ?"

"ಇದರ ಹೆಸರು ಏನು ಮಾಸ್ಟರ್?"

"ಮೂವತ್ನಾಲ್ಕು ಸೊಂಟ, ಎರಡಿಂಚು ಗಿಡ್ಡ ಆಗ್ಬೇಕು. ಇದೇ ಹೆಸರು."

ಮೇಲಿನಿಂದ ಬಟ್ಟೆ ತರುವ ಹುಡುಗಿಯರು ಆಗಲೇ ನನ್ನನ್ನು ಗಿವೆಂಚಿ ಅನ್ನುತ್ತಿದ್ದಾರೆ. "ಗಿವೆಂಚಿ ಅಕ್ಕಾ, ಈ ಗುಂಡಿ ಬಿಗಿ ಮಾಡ್ಕೊಡಿ." ಅಕ್ಕಾ ಅಂತ ಸೇರಿಸಿದರೆ ಚುಚ್ಚುವುದಿಲ್ಲ ಅಂದುಕೊಂಡಿದ್ದಾರೆ.

ಮಾರ್ಚ್ ೧೦, ಸೋಮವಾರ

ಶುರು ಮಾಡಿದೆ. ಎಲ್ಲಾ ಹೆಸರು ಕಲಿಯುತ್ತೇನೆ. ಅವಳಿಗೆ ಗೊತ್ತಿರುವುದು, ಗೊತ್ತಿಲ್ಲದ್ದು, ಎಲ್ಲ. ಹೆಸರು ಹೇಳಿ ತೋರಿಸುವ ವಿಡಿಯೋಗಳನ್ನು ಮಗಳು ಫೋನಿನಲ್ಲಿ ಹಾಕಿಕೊಟ್ಟಳು. ನಾನು ಕೇಳಿ ನಮ್ಮ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ. ಎರ್ಮೆಸ್, ಇಂಗ್ಲಿಷಿನಲ್ಲಿ ಮೊದಲಿಗಿರುವ ಎಚ್ ಬರೀ ನೋಡಲಿಕ್ಕೆ. ವೆರ್ಸಾಚೆ, ಕೊನೆಯಲ್ಲಿ ಚೆ. ಬಾಲ್ಮ್ಯಾಂ ಅನ್ನುವಾಗ ಕೊನೆಯದನ್ನು ಮೂಗಿನಲ್ಲೇ ಬಿಡಬೇಕು, ಬಾಯಿ ಮುಚ್ಚಬಾರದು. ಮಗಳಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ನೆಗಡಿ ಬಂದೋರ ಥರ ಹೇಳ್ಬೇಕು, ಅಷ್ಟೇ." ಇಬ್ಬರೂ ಒಂದು ಗಂಟೆ ನಕ್ಕೆವು.

ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ ಅನ್ನುವುದೂ ತಿಳಿಯಿತು. ಆ ದೇಶದವರೇ ಹೇಳಿದ್ದನ್ನು ಹುಡುಕಿ ಮೂರು ಸಲ ಕೇಳಿದ ಮೇಲೆಯೇ ಬರೆಯುತ್ತೇನೆ.

ಮಾರ್ಚ್ ೧೯, ಬುಧವಾರ

ಕಲಿತ ಹೆಸರು ಐವತ್ತು ದಾಟಿತು. ಪ್ಯಾಂಟಿನ ಅಂಚು ಮಡಿಸುತ್ತಾ ಹೇಳಿಕೊಳ್ಳುತ್ತೇನೆ, ಒಂದು ಟಾಕಿಗೆ, ಅಂದರೆ ಸೂಜಿಯ ಒಂದು ಹೊಲಿಗೆಗೆ, ಒಂದು ಹೆಸರು. ಹೊರಗೆ ಟಾಕಿ ಕಾಣದ ಹಾಗೆ ಹಾಕುವುದು ಹೇಗೆಂದು ಮಾಸ್ಟರ್ ತೋರಿಸಿದರು. ಎರಡು ಎಳೆ ಮಾತ್ರ ಎತ್ತಬೇಕು. ಇವತ್ತು ಆರು ಪ್ಯಾಂಟು, ಒಂದೂ ವಾಪಸ್ ಬರಲಿಲ್ಲ.

ಮಾಸ್ಟರ್ ಊಟದ ಹೊತ್ತಿನಲ್ಲಿ, ಗಿರಾಕಿಯೊಬ್ಬರು ಮನೆಯಿಂದ ತಂದಿದ್ದ ಒಂದು ಕೋಟು ತೋರಿಸಿ "ಈ ಮೊಶಿನೊ ಕೋಟಿಗೆ ಲೈನಿಂಗ್ ಹಾಕ್ಬೇಕು" ಅಂದರು. "ಮೊಸ್ಕೀನೊ" ಅಂದೆ. "ಹೂಂ, ಅದೇ" ಅಂದರು. "ಅದೇ ಅಲ್ಲ ಮಾಸ್ಟರ್, ಸರಿಯಾಗಿ ಹೇಳಿ" ಅಂದೆ. ಹೇಳಲಿಲ್ಲ. ವಯಸ್ಸಾದವರಿಗೆ ಕಲಿಯುವ ಮನಸ್ಸು ಇರುವುದಿಲ್ಲ.

ಮಾರ್ಚ್ ೨೭, ಗುರುವಾರ

ಸುದ್ದಿ! ಮೂರನೇ ಮಹಡಿ ತೆರೆಯುತ್ತಾರೆ. ಇಪ್ಪತ್ತೆರಡು ಹೊಸ ಹೆಸರು ಒಟ್ಟಿಗೆ ಬರುತ್ತಿವೆ. ಏಪ್ರಿಲ್ ಹತ್ತೊಂಬತ್ತಕ್ಕೆ ಕಾರ್ಯಕ್ರಮ, ಹೊರದೇಶದಿಂದ ಅತಿಥಿ, ಪತ್ರಿಕೆಯವರು. ರೂಪದರ್ಶಿಗಳು ನಡೆದು ಬರುವಾಗ ಮೈಕಿನಲ್ಲಿ ಪ್ರತಿ ಹೆಸರನ್ನೂ ಹೇಳಬೇಕಾದವಳು ಇಸ್ತ್ರಿ. ಅದು ಚೆನ್ನಾಗಿ ನಡೆದರೆ ಮೂರನೇ ಮಹಡಿಯೂ ಅವಳ ಕೈಗೆ.

ಅವಳಿಗೆ ಹಳೆಯ ಹದಿನಾಲ್ಕು ಹೆಸರು ಗೊತ್ತು, ಹಿಂದಿನ ಮ್ಯಾನೇಜರ್ ಹೇಳಿಕೊಟ್ಟದ್ದು. ಹೊಸ ಇಪ್ಪತ್ತೆರಡು ಯಾರು ಹೇಳಿಕೊಡುತ್ತಾರೆ? ನನಗೆ ಹತ್ತೊಂಬತ್ತು ಆಗಲೇ ಬರುತ್ತವೆ.

ಏಪ್ರಿಲ್ ೨, ಬುಧವಾರ

ಇಸ್ತ್ರಿ ಕೆಳಗೆ ಬಂದಳು. ನಾನು ಇಲ್ಲಿಗೆ ಬಂದ ಮೇಲೆ ಅವಳು ನೆಲಮಾಳಿಗೆಗೆ ಇಳಿದದ್ದು ಇದೇ ಮೊದಲು. ಮಾಸ್ಟರ್ ಊಟಕ್ಕೆ ಹೋಗಿದ್ದರು. ಮೆಷಿನ್ನಿನ ಪಕ್ಕ ಬಿಟ್ಟಿದ್ದ, ನಾನು ಹೆಸರು ಬರೆದುಕೊಂಡ ಹಾಳೆಯನ್ನು ಎತ್ತಿ ನೋಡುತ್ತಾ ನಿಂತಳು. ನಾನು ಅವಳ ಎಡಕ್ಕೆ ಬಂದು "ಏನ್ ಬೇಕು ಮೇಡಂ?" ಅಂದೆ. ತಿರುಗಲಿಲ್ಲ. ಇನ್ನೊಮ್ಮೆ ಅಂದೆ. ತಿರುಗಲಿಲ್ಲ. ನಾನು ಅವಳ ಮುಂದೆ ಬಂದ ಮೇಲೆ ಬೆಚ್ಚಿದಳು.

"ನೀವು ಇದನ್ನೆಲ್ಲಾ ಕಲ್ತಿದೀರಾ?"

"ಸುಮ್ನೆ, ಹೊತ್ತು ಹೋಗೋಕೆ."

ಆಮೇಲೆ ಸ್ಟೂಲಿನ ಮೇಲೆ ಕೂತಳು. ಸ್ಕರ್ಟಿಗೆ ದಾರದ ತುಂಡು ಅಂಟಿತು, ತೆಗೆಯಲಿಲ್ಲ. "ನಂಗೆ ಫೋನಲ್ಲಿ ಕೇಳಿ ಹಿಡಿಯೋಕಾಗಲ್ಲ. ಕೊನೇ ಅಕ್ಷರ ಕಿವಿಗೆ ಬೀಳೋದೇ ಇಲ್ಲ. ಬರೆದಿದ್ರೆ ನಿಲ್ಲುತ್ತೆ. ಹೊಸ ಇಪ್ಪತ್ತೆರಡನ್ನೂ ನಮ್ಮ ಅಕ್ಷರದಲ್ಲಿ ಒಂದು ಕಾರ್ಡಲ್ಲಿ ಬರ್ಕೊಡ್ತೀರಾ?"

ಬರೆದುಕೊಡುತ್ತೇನೆ ಅಂದೆ. ಮುಖದಲ್ಲಿ ಏನೂ ತೋರಿಸಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು.

ಏಪ್ರಿಲ್ ೩, ಗುರುವಾರ

ಪರೀಕ್ಷೆ ಮಾಡಿದೆ. ಲಿಫ್ಟಿನ ಹತ್ತಿರ ಅವಳ ಎಡಕ್ಕೆ ನಿಂತು, ಮಾತಾಡುವ ದನಿಯಲ್ಲೇ "ಇಸ್ತ್ರಿ" ಅಂದೆ. ಏನೂ ಇಲ್ಲ. "ಇಸ್ತ್ರಿಪೆಟ್ಟಿಗೆ" ಅಂದೆ. ಸುಮ್ಮನೆ ಮುಂದೆ ನೋಡುತ್ತಿದ್ದಳು. ಎಡಗಿವಿ ಪೂರ್ತಿ ಹೋಗಿದೆ. ಯಾರಿಗೂ ಗೊತ್ತಿಲ್ಲ. ಜೋರಾಗಿ ಹೇಳಿ, ಇನ್ನೊಂದ್ಸಲ ಹೇಳಿ ಅಂತ ನಮ್ಮನ್ನು ಗೋಳುಹೊಯ್ದುಕೊಂಡದ್ದು ಇದಕ್ಕೇ ಇರಬೇಕು. ಇದ್ದರೆ ಇರಲಿ. ಕಿವಿ ಕೇಳಿಸದವರೆಲ್ಲ ಇನ್ನೊಬ್ಬರ ಭುಜ ಹಿಡಿದು ಕನ್ನಡಿಗೆ ತಿರುಗಿಸುವುದಿಲ್ಲ.

ಈಗ ಗೊತ್ತಾಯಿತಲ್ಲ: ಬರೆದದ್ದನ್ನು ಅವಳು ಪರೀಕ್ಷೆ ಮಾಡಲಾರಳು.

ಏಪ್ರಿಲ್ ೮, ಮಂಗಳವಾರ

ಕಾರ್ಡು ತಯಾರು. ಇಪ್ಪತ್ತೆರಡರಲ್ಲಿ ಹದಿನೇಳು ಸರಿ. ಎಲ್ಲಾ ತಪ್ಪು ಬರೆದರೆ ಮೊದಲನೆಯದಕ್ಕೇ ಯಾರಾದರೂ ನಿಲ್ಲಿಸುತ್ತಾರೆ. ಐದು ಮಾತ್ರ ತಪ್ಪು, ಅದೂ ನಂಬುವಂಥ ತಪ್ಪು. ಲೊಎವೆ ಅನ್ನುವುದಕ್ಕೆ ಲೋವ್. ಮೊಸ್ಕೀನೊಗೆ ಮೊಶಿನೊ, ಅದು ಮಾಸ್ಟರ್ ಕೊಟ್ಟ ವರ. ಲಾಂವ್ಯಾಂಗೆ ಲ್ಯಾನ್‌ವಿನ್. ಝೆನ್ಯಗೆ ಜೆಗ್ನ. ಸ್ಕ್ಯಾಪರೆಲ್ಲಿಗೆ ಶಿಯಪರೆಲಿ. ಒಂದೊಂದನ್ನೂ ಗುಂಡು ಗುಂಡಾಗಿ ಬರೆದೆ. ಇಷ್ಟು ಮುತುವರ್ಜಿಯಿಂದ ನಾನು ಮದುವೆಯ ಕರೆಯೋಲೆಯ ಮೇಲೂ ಹೆಸರು ಬರೆದಿರಲಿಲ್ಲ.

ಮಗಳು ಪಕ್ಕದಲ್ಲಿ ನಿಂತು ಓದಿದಳು. "ಅಮ್ಮಾ, ಇದು ತಪ್ಪಲ್ವಾ? ಲೊಎವೆ ಅಲ್ವಾ ಅದು?" ನಿನ್ನ ಕೆಲಸ ನೋಡಿಕೋ ಅಂದೆ. "ಬೇಕೂಂತ ಬರ್ದಿದೀಯಾ?" ಅಂದಳು. "ಬೇಕೂಂತ ಅಲ್ಲ, ಬೇಕು ಅಂತ ಅನ್ನು, ಉಚ್ಚಾರ ನೆಟ್ಟಗಿಲ್ಲ ನಿಂದು, ಇನ್ನೊಂದ್ಸಲ ಹೇಳು" ಅಂದೆ. ಹೇಳದೆ ಒಳಗೆ ಹೋದಳು. ಈಚೆಗೆ ಅವಳು ಫೋನು ಹಾಕಿಕೊಡುವುದಕ್ಕೂ ಬರುವುದಿಲ್ಲ, ಪರೀಕ್ಷೆ ಹತ್ತಿರ ಬಂತು ಅನ್ನಿಸುತ್ತದೆ.

ಏಪ್ರಿಲ್ ೯, ಬುಧವಾರ

ಕಾರ್ಡು ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡಳು. "ನಿಮ್ಮ ಉಪಕಾರ ಮರೆಯಲ್ಲ" ಅಂದಳು. ಮರೆಯಬೇಡ ತಾಯಿ, ಮರೆಯಬಾರದು ಅಂತಲೇ ಇಷ್ಟೆಲ್ಲ.

ಏಪ್ರಿಲ್ ೧೪, ಸೋಮವಾರ

ದಿನಾ ಊಟದ ಹೊತ್ತಿಗೆ ಇಳಿದು ಬರುತ್ತಾಳೆ. ಬಲಗಡೆ ನನ್ನನ್ನು ಕೂರಿಸಿಕೊಂಡು ಓದಿ ಒಪ್ಪಿಸುತ್ತಾಳೆ. ಸರಿ ಇರುವ ಹದಿನೇಳು ಹೇಳುವಾಗ ತಪ್ಪುತ್ತಾಳೆ, ತಿದ್ದುತ್ತೇನೆ. ತಪ್ಪಿರುವ ಐದು ಮಾತ್ರ ಮೊದಲ ಸಲಕ್ಕೇ ಬಾಯಿಗೆ ಬಂದಿವೆ! "ಲೋವ್" ಅಂದಳು. "ಅದೇ, ಚೆನ್ನಾಗ್ ಬಂತು" ಅಂದೆ. "ಇನ್ನೊಂದ್ಸಲ, ಜೋರಾಗಿ" ಅಂದೆ. ಹತ್ತು ಸಲ ಹೇಳಿಸಿದೆ. ಹೇಳಿದಳು, ಬೆರಳು ಮಡಿಸಿ ಎಣಿಸುತ್ತಾ.

ಇವತ್ತು ಅವಳ ಡಬ್ಬಿಯಿಂದ ಅರ್ಧ ನನಗೆ ಕೊಟ್ಟಳು. ತಿಂದೆ. ಉಪ್ಪು ಕಡಿಮೆಯಿತ್ತು.

ಅವಳು ಮೇಲೆ ಹೋದ ಮೇಲೆ ಮಾಸ್ಟರ್ ಕತ್ತರಿ ಕೆಳಗಿಟ್ಟು ನನ್ನ ಕಡೆ ನೋಡಿದರು. "ಆ ಮೊಶಿನೊ ನಾನು ಹೇಳಿದ್ದಲ್ವಾ? ತಪ್ಪು ಅಂತ ನೀನೇ ತಾನೆ ಅಂದದ್ದು?"

"ನಿಮಗೆ ಕೇಳಿಸಿದ್ದು ತಪ್ಪಿರ್ಬೇಕು ಮಾಸ್ಟರ್."

"ನನ್ನ ಕಿವಿ ಎರಡೂ ಚೆನ್ನಾಗಿವೆ" ಅಂದರು. ಮತ್ತೆ ಕತ್ತರಿ ಎತ್ತಿಕೊಂಡರು. ಹಾಗಾದರೆ ಇವರಿಗೂ ಕಿವಿಯ ವಿಷಯ ಗೊತ್ತು. ಇಷ್ಟು ವರ್ಷ ಯಾರಿಗೂ ಹೇಳಿಲ್ಲವಲ್ಲ, ಎಂಥ ಮನುಷ್ಯ.

ಏಪ್ರಿಲ್ ೧೮, ಶುಕ್ರವಾರ

ನಾಳೆ.

ಏಪ್ರಿಲ್ ೧೯, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೂರನೇ ಮಹಡಿ, ಬಿಳಿ ದೀಪ, ಸಾಲು ಕುರ್ಚಿ. ನಾನು ಹಿಂದೆ, ಉಡುಪುಗಳ ಪರದೆಯ ಪಕ್ಕ, ಸೂಜಿ ದಾರ ಹಿಡಿದು ನಿಂತಿದ್ದೆ. ಯಾರದಾದರೂ ಗುಂಡಿ ಬಿದ್ದರೆ ಹಾಕುವುದಕ್ಕೆ. ಮುಖ ಮಾತ್ರ ಚೆನ್ನಾಗಿ ಕಾಣುವ ಜಾಗ ಹುಡುಕಿಕೊಂಡಿದ್ದೆ. ಅವಳ ಮುಖ.

ಇಸ್ತ್ರಿ ಮೈಕಿನ ಮುಂದೆ ಬಂದಳು. ಸ್ವಾಗತ ಹೇಳಿದಳು. ಕಾರ್ಡು ಕೈಯಲ್ಲಿ. ಆಮೇಲೆ ಇದ್ದಕ್ಕಿದ್ದ ಹಾಗೆ ಅಂದಳು: "ಇವತ್ತು ನಾನು ಹೇಳೋ ಹೆಸರುಗಳನ್ನ ನಂಗೆ ಕಲಿಸಿದವರು ನಮ್ಮ ಆಲ್ಟರೇಷನ್ ವಿಭಾಗದವರು. ಕೆಳಗೆ ಕೂತು, ತಾವೇ ಕಲ್ತು, ಬರ್ದು ಕೊಟ್ಟಿದ್ದಾರೆ. ದಯವಿಟ್ಟು ಬನ್ನಿ ಮೇಲೆ."

ಯಾರೋ ನನ್ನನ್ನು ತಳ್ಳಿದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಹೋಗಿ ಅವಳ ಪಕ್ಕ ನಿಂತೆ, ಕೈಯಲ್ಲಿ ಸೂಜಿ ಹಾಗೇ ಇತ್ತು. ಮೊದಲ ಮೂರು ಹೆಸರು ಸರಿಯಾದವು. ನಾಲ್ಕನೆಯದು ಲೊಎವೆ ಅಂತ ನನಗೆ ಗೊತ್ತು, ಕಾರ್ಡು ಬರೆದವಳು ನಾನು. ರೂಪದರ್ಶಿ ಪರದೆ ಸರಿಸಿ ಕಾಲಿಟ್ಟಳು. ಅವಳ ಮಾನ ಹೋದರೆ ಹೋಗಲಿ, ಈಗ ಹೋಗುವುದು ನನ್ನದು. ಬಗ್ಗಿ ಮೆಲ್ಲಗೆ "ಲೊಎವೆ, ಲೊಎವೆ ಅನ್ನಿ" ಅಂದೆ. ನಾನು ನಿಂತಿದ್ದದ್ದು ಎಡಗಡೆ. ಅವಳು ಮುಗುಳ್ನಗುತ್ತಾ, ಜೋರಾಗಿ, ನಾನು ಹತ್ತು ಸಲ ಹೇಳಿಸಿದ ಹಾಗೇ ಹೇಳಿದಳು: "ಲೋವ್!"

ಮುಂದಿನ ಸಾಲಿನಲ್ಲಿ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಮೊಶಿನೊಗೆ ಇಬ್ಬರು. ಶಿಯಪರೆಲಿಗೆ ಪತ್ರಿಕೆಯವನೊಬ್ಬ ಫೋನು ಎತ್ತಿ ಹಿಡಿದ. ಹೊರದೇಶದ ಅತಿಥಿ ಪಕ್ಕದವರ ಕಿವಿಯಲ್ಲಿ ಏನೋ ಅಂದರು, ಇಬ್ಬರೂ ನಕ್ಕರು, ಆಮೇಲೆ ನನ್ನ ಕಡೆಯೇ ನೋಡಿದರು. ಇಸ್ತ್ರಿ ಅದೆಲ್ಲವನ್ನೂ ನೋಡಿದಳು. ಓದುವುದನ್ನು ನಿಲ್ಲಿಸಲಿಲ್ಲ. ಇಪ್ಪತ್ತೆರಡನ್ನೂ ಮುಗಿಸಿದಳು.

ಅವಳು ಮಾಡಿದ್ದು ನೋಡು! ಹೊಗಳಿ ಹೊಗಳಿ ನನ್ನನ್ನೇ ಮುಂದಕ್ಕೆ ತಂದು ನಿಲ್ಲಿಸಿದಳು. ಮಾಡಿದ್ದುಣ್ಣೋ ಮಹಾರಾಯ ಅಂತ ಗಾದೆ ಇದೆ, ಉಣ್ಣಬೇಕಾದವಳು ಅವಳಲ್ಲವೇ? ತಟ್ಟೆ ನನ್ನ ಮುಂದೆ ಯಾಕೆ ಬಂತು?

ಏಪ್ರಿಲ್ ೨೦, ಭಾನುವಾರ

ವಿಡಿಯೋ ಎಲ್ಲರ ಫೋನಿನಲ್ಲೂ ಇದೆ. ಮಗಳ ಗೆಳತಿಯರೂ ನೋಡಿದ್ದಾರೆ. ಮಗಳು ನನ್ನ ಮುಖ ನೋಡದೆ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು ಹೋದಳು. ನಾಳೆ ಮಾಲೀಕರು ಇಬ್ಬರನ್ನೂ ಕರೆದಿದ್ದಾರೆ. ಕೆಲಸ ಹೋಗುತ್ತದೆ. ಹೋದರೆ ಅವಳದೂ ಹೋಗಲಿ.

ಏಪ್ರಿಲ್ ೨೧, ಸೋಮವಾರ

ಮಾಲೀಕರ ಕೋಣೆಯಲ್ಲಿ ಇಬ್ಬರೂ ನಿಂತೆವು. ಕೂರಲು ಹೇಳಲಿಲ್ಲ. "ಆ ಕಾರ್ಡು ಬರ್ದವ್ರು ಯಾರು?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಇಸ್ತ್ರಿ ಅಂದಳು: "ಬರ್ದವ್ರು ಇವರು. ಕಾರ್ಡು ಸರಿಯಾಗೇ ಇತ್ತು ಸಾರ್. ಆ ದೀಪದಲ್ಲಿ ನಂಗೆ ಅಕ್ಷರ ಸರಿಯಾಗಿ ಕಾಣಿಸ್ಲಿಲ್ಲ. ತಪ್ಪು ಓದಿದ್ದು ನಾನು."

"ಕಾರ್ಡು ಎಲ್ಲಿ?"

"ಹರಿದು ಹಾಕ್ದೆ ಸಾರ್, ಸಿಟ್ಟಿಗೆ."

ಮಾಲೀಕರು ನನ್ನ ಕಡೆ ನೋಡಿ "ಹೌದೇನಮ್ಮಾ?" ಅಂದರು. ತಲೆಯಾಡಿಸಿದೆ.

ಗಿರಾಕಿ ಮುಂದೆ ತಪ್ಪಿದವರು ಕೆಳಗೆ. ಅವಳೇ ನೆನಪಿಸಿದಳು ಆ ನಿಯಮವನ್ನು. ನಾಳೆಯಿಂದ ಅವಳು ನೆಲಮಾಳಿಗೆ, ನಾನು ಎರಡನೇ ಮಹಡಿ. ಹೊಸ ಮೇಲ್ವಿಚಾರಕಿ ಬರುವವರೆಗೆ ಬೆಳಗಿನ ಕನ್ನಡಿಯ ಪಾಠವೂ ನನ್ನದೇ, ಹೆಸರು ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಲ್ಲ.

ಗೆದ್ದೆ. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಆಯಿತು. ನನ್ನನ್ನು ಕಾಪಾಡಿ ದೊಡ್ಡವಳಾಗಲು ನೋಡುತ್ತಿದ್ದಾಳೆ, ಅಷ್ಟೇ. ಇಲ್ಲವೇ ತಾನೇ ತಪ್ಪು ಓದಿದೆ ಅಂತ ನಂಬಿರಬೇಕು, ಪೆದ್ದಿ.

ಏಪ್ರಿಲ್ ೨೪, ಗುರುವಾರ

ಕನ್ನಡಿ ಮುಂದೆ ಸಾಲು ನಿಲ್ಲಿಸಿದೆ. ನನ್ನನ್ನು ಗಿವೆಂಚಿ ಅಂತ ಮೊದಲು ಕರೆದ ಹುಡುಗಿಗೆ ಲಾಂವ್ಯಾಂ ಬರಲಿಲ್ಲ. ಹತ್ತು ಸಲ ಹೇಳಿಸಿದೆ. ಏಳನೆಯ ಸಲಕ್ಕೆ ಅಳು ಬಂತು ಅವಳಿಗೆ. ಅಳಲು ಏನಿದೆ, ಕಲಿಯಲಿ ಅಂತಲ್ಲವೇ ಹೇಳಿಸುವುದು. ಈಗ ಯಾರೂ ಅಕ್ಕಾ ಅನ್ನುವುದಿಲ್ಲ, ಮೇಡಂ ಅನ್ನುತ್ತಾರೆ.

ಗಿರಾಕಿಯೊಬ್ಬರು ಪ್ಯಾಂಟು ಕೊಂಡರು. ಅಂಚು ನೋಡಿದೆ, ಹೊರಗೆ ಟಾಕಿ ಕಾಣುತ್ತಿತ್ತು. ಕೆಳಗೆ ಯಾರು ಮಡಿಸಿದ್ದು ಅಂತ ಗೊತ್ತು. ವಾಪಸ್ ಕಳಿಸಿದೆ.

ಏಪ್ರಿಲ್ ೨೮, ಸೋಮವಾರ

ಒಂದು ಕೋಟಿನ ತೋಳು ಗಿಡ್ಡ ಮಾಡಿಸಬೇಕಿತ್ತು. ಬೇರೆಯವರ ಕೈಯಲ್ಲಿ ಕಳಿಸಬಹುದಿತ್ತು, ನಾನೇ ಇಳಿದೆ. ನೋಡಬೇಕು ಅಂತಲೇ ಇಳಿದೆ, ಸುಳ್ಳೇಕೆ.

ನನ್ನ ಮೆಷಿನ್ನಿನ ಮುಂದೆ ಕೂತಿದ್ದಳು. ಬ್ಲೌಸಿಗೆ ಸುಕ್ಕು ಬಿದ್ದಿತ್ತು, ಬೆರಳಿಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿಕೊಂಡಿದ್ದಳು. ಮಾಸ್ಟರ್ ಅವಳ ಬಲಕ್ಕೆ ಕುರ್ಚಿ ಹಾಕಿಕೊಂಡು, ಎರಡೇ ಎಳೆ ಎತ್ತಬೇಕು ಅಂತ ತೋರಿಸುತ್ತಿದ್ದರು. ಕೋಟನ್ನು ಮೇಜಿನ ಮೇಲಿಟ್ಟು ಅಳತೆ ಹೇಳಿದೆ. ಬರೆದುಕೊಂಡಳು. "ಆಯ್ತು ಮೇಡಂ" ಅಂದಳು. ಅದರಲ್ಲಿ ಒಂದಿಷ್ಟೂ ವ್ಯಂಗ್ಯ ಇರಲಿಲ್ಲ, ಹುಡುಕಿದೆ.

ಹೊರಡುವಷ್ಟರಲ್ಲಿ "ಒಂದ್ನಿಮಿಷ" ಅಂದಳು. ಕೈಚೀಲದಿಂದ ಕಾರ್ಡು ತೆಗೆದಳು. ಹರಿದಿರಲಿಲ್ಲ, ಮಡಿಕೆಯೂ ಬಿದ್ದಿರಲಿಲ್ಲ. ಐದು ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ಐದೇ, ಸರಿಯಾಗಿ ಅವೇ ಐದು.

"ಕಾರ್ಯಕ್ರಮ ಆದ ಮಾರನೇ ದಿನ, ಭಾನುವಾರ ಪೂರ್ತಿ ಫೋನು ಕಿವಿಗೆ ಒತ್ಕೊಂಡು ಒಂದೊಂದೇ ಕೇಳ್ದೆ. ಹದಿನೇಳು ನೀವು ಬರ್ದ ಹಾಗೇ ಇದ್ವು. ಇವೈದು ಇರ್ಲಿಲ್ಲ. ಇರ್ಲಿಲ್ಲ ಅನ್ನೋದಷ್ಟೇ ಗೊತ್ತಾಗ್ತಿದೆ, ಏನು ಅಂತ ನನ್ನ ಕಿವಿಗೆ ಹಿಡೀತಿಲ್ಲ. ಸರಿಯಾದ್ದು ಬರ್ಕೊಡಿ."

ಭಾನುವಾರ ಅಂದಳು. ಮಾಲೀಕರು ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದ್ದು ಸೋಮವಾರ.

ಯಾಕೆ ಹೀಗೆ ಮಾಡಿದಿರಿ ಅಂತ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇತ್ತು. ಮಾರ್ಚ್ ನಾಲ್ಕರಿಂದ ಸಿದ್ಧ ಮಾಡಿ ಇಟ್ಟುಕೊಂಡಿದ್ದೆ, ಎಲ್ಲಿ ದನಿ ಏರಿಸಬೇಕು ಅನ್ನುವುದೂ ಗೊತ್ತಿತ್ತು. ಕೇಳಲಿಲ್ಲ. ಪೆನ್ಸಿಲು ನನ್ನ ಕೈಗೆ ಕೊಟ್ಟು ಕಾಯುತ್ತಾ ಕೂತಳು. ಮಾಸ್ಟರ್ ಮೆಷಿನ್ನು ನಿಲ್ಲಿಸಿದರು.

ಐದನ್ನೂ ಸರಿಯಾಗಿ ಬರೆದುಕೊಟ್ಟೆ, ನಿಂತುಕೊಂಡೇ. ಕೂತ್ಕೋ ಅಂತ ಯಾರೂ ಹೇಳಲಿಲ್ಲ.